ಮುದುಕಿಬಯಲು ದಾಟುವ ಹಲಗೆ

ಬಣ್ಣ ನೋಡಿ ಹಲಗೆ ಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಗಡಿಗೆ ಬರುತ್ತಾರೆ, ಗೋಡೆಗೆ ಒರಗಿಸಿಟ್ಟ ಸ್ನೋಬೋರ್ಡುಗಳ ಮೇಲೆ ಕಣ್ಣಾಡಿಸುತ್ತಾರೆ, ತೋಳದ ಚಿತ್ರದ್ದನ್ನೋ ಅಲೆಯ ಚಿತ್ರದ್ದನ್ನೋ ಎತ್ತಿಕೊಂಡು ಇದೇ ಇರಲಿ ಎನ್ನುತ್ತಾರೆ. ತಿರುಗಿಸಿ ತಳ ನೋಡುವುದಿಲ್ಲ. ಹಿಮದ ಮೇಲೆ ಓಡುವುದು ತಳ, ಚಿತ್ರವಲ್ಲ. ಹಾಗೆಂದು ಹೇಳಿದರೆ ಮುಖ ಸಣ್ಣದು ಮಾಡಿಕೊಂಡು ಪಕ್ಕದ ಊರಿನ ಅಂಗಡಿಗೆ ಹೋಗುತ್ತಾರೆ. ನನ್ನ ಹೆಂಡತಿ ಒಳಗಿನಿಂದಲೇ, "ಇವತ್ತೂ ಒಬ್ರನ್ನ ಓಡಿಸಿದ್ರಾ?" ಎಂದು ಕೇಳುತ್ತಾಳೆ.

ಇಂಥ ನನಗೂ ಒಬ್ಬ ಗಿರಾಕಿಯ ಮೇಲೆ ಭಕ್ತಿ ಹುಟ್ಟಿದೆ. ಅವಳ ಹೆಸರು ಕಿಯೊನೊ. ಅರವತ್ತು ದಾಟಿದ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ, ಪಾದ ನೋಡಿದರೆ ಶಾಲೆಗೆ ಹೋಗುವ ಹುಡುಗಿಯದು. ಕೆಲಸ ಕಳಲೆ ಕೀಳುವುದು. ನಮ್ಮ ಗಸ್ಸಾನ್ ಬೆಟ್ಟದಲ್ಲಿ ಚಳಿಗಾಲದ ಹಿಮ ಎಷ್ಟು ಬೀಳುತ್ತದೆಂದರೆ ಜನ ಹತ್ತುವುದಕ್ಕೇ ಆಗುವುದಿಲ್ಲ. ಕೆಳಗಿನ ಊರುಗಳಲ್ಲಿ ಚೆರ್ರಿ ಹೂ ಉದುರಿದ ಮೇಲೆ ನಮ್ಮ ಕಾಲ ಶುರುವಾಗುತ್ತದೆ. ಜೂನ್ ಹೊತ್ತಿಗೆ ಕಣಿವೆಗಳಲ್ಲಿ ಹಿಮ ಹಾಗೇ ಇರುತ್ತದೆ, ಏಣುಗಳಲ್ಲಿ ಕರಗಿ ಕುರುಚಲು ಬಿದಿರಿನ ಬುಡದಲ್ಲಿ ಕಳಲೆ ಏಳುತ್ತದೆ. ಉಳಿದವರು ನಡೆದು ಹತ್ತಿ ನಡೆದೇ ಇಳಿಯುತ್ತಾರೆ. ಕಿಯೊನೊ ಅಕ್ಕನಿಗೆ ನಲವತ್ತರ ಹೊತ್ತಿಗೇ ಹೊರೆ ಹೊತ್ತು ಇಳಿಯುವುದಕ್ಕೆ ಮಂಡಿ ಒಪ್ಪಲಿಲ್ಲ. ಒಂದು ವಸತಿಗೃಹದವರು ಎಸೆದಿದ್ದ ಹಲಗೆಯನ್ನು ಎತ್ತಿಕೊಂಡು ಹೋಗಿ, ಯಾರ ಹತ್ತಿರವೂ ಕಲಿಯದೆ, ಬಿದ್ದು ಎದ್ದು ಇಳಿಯುವುದನ್ನು ರೂಢಿ ಮಾಡಿಕೊಂಡಳು. ಬೆನ್ನ ಮೇಲೆ ಕಳಲೆಯ ಮೂಟೆ, ಸೊಂಟಕ್ಕೆ ಕರಡಿ ಓಡಿಸುವ ಗಂಟೆ, ಕಾಲಿಗೆ ಹಲಗೆ. ಕಣಿವೆಯಲ್ಲಿ ಗಂಟೆಯ ಸದ್ದು ಹತ್ತಿರವಾದರೆ ನಾನು ಮಾಡುವ ಕೆಲಸ ಬಿಟ್ಟು ಹೊರಗೆ ಬಂದು ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಕಷ್ಟವೆಲ್ಲ ಇರುವುದು ಕಣಿವೆ ಮುಗಿದ ಮೇಲೆ. ಅಲ್ಲಿ ಮುದುಕಿಬಯಲು ಎಂಬ ಉದ್ದನೆಯ ಸಪಾಟು ಜಾಗವಿದೆ. ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲಿಗೆ ಹಿಮ ಗಂಜಿಯಾಗಿರುತ್ತದೆ, ಅದರ ಮೇಲೆ ಬೀಚ್ ಎಂಬ ಕಾಡುಮರದ ಮೊಗ್ಗಿನ ಸಿಪ್ಪೆ ಉದುರಿ ಅಂಟಂಟು. ವೇಗವಾಗಿ ಬಂದವರನ್ನು ಯಾರೋ ಕೆಳಗಿನಿಂದ ಗಬಕ್ಕನೆ ಹಿಡಿದು ನಿಲ್ಲಿಸಿದ ಹಾಗಾಗುತ್ತದೆ. ಹಲಗೆ ಹಿಡಿಯುವ ದೆವ್ವ ಎಂದು ನಾವು ಕರೆಯುವುದು ಅದನ್ನೇ. ಒಮ್ಮೆ ನಿಂತರೆ ಮುಗಿಯಿತು. ಹಲಗೆ ಬಿಚ್ಚಿ ನಡೆಯಬೇಕು, ಹೊರೆಯ ಭಾರಕ್ಕೆ ಕಾಲು ತೊಡೆಯವರೆಗೆ ಹೂತು ಹೋಗುತ್ತದೆ. ಹೋದ ವರ್ಷ ಅಕ್ಕ ಅಲ್ಲಿ ಸಿಕ್ಕಿಕೊಂಡಳು. ಸಂಜೆಯಾದರೂ ಬಾರದೆ ಇದ್ದಾಗ ಅವಳ ತಮ್ಮ ಮೋರಿಯೊ ಹಿಮದ ಮೇಲೆ ಓಡುವ ಮೋಟಾರು ಬಂಡಿ ತೆಗೆದುಕೊಂಡು ಹೋಗಿ, ಅವಳನ್ನೂ ಮೂಟೆಯನ್ನೂ ಹಗ್ಗ ಕಟ್ಟಿ ಎಳೆದು ತಂದ. ದಾರಿಯ ಬದಿಯಲ್ಲಿ ಕಳಲೆ ಕೀಳುವವರೆಲ್ಲ ನಿಂತು ನೋಡಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಮೋರಿಯೊ ಕಳಲೆಯವರ ಗುಂಪಿನ ಮುಖಂಡ. ಈ ವರ್ಷ ಹಿಮ ಬಿಡುವ ಮೊದಲೇ ಎಲ್ಲರೆದುರು ಹೇಳಿಬಿಟ್ಟ: ಮೊದಲ ದಿನ ಹೊರೆ ಹೊತ್ತುಕೊಂಡು ಮುದುಕಿಬಯಲನ್ನು ನಿಲ್ಲದೆ ದಾಟಿದರೆ ಸರಿ, ಇಲ್ಲವಾದರೆ ಅಕ್ಕ ಇನ್ನು ಮೇಲಕ್ಕೆ ಹೋಗುವ ಹಾಗಿಲ್ಲ, ಉಳಿದ ಹೆಂಗಸರ ಜೊತೆ ರಸ್ತೆ ಬದಿಯಲ್ಲೇ ಕೀಳಬೇಕು.

ಮೇಲೆ ಎಂದರೆ ಅವರ ತಾಯಿಯ ಜಾಗ. ನಮ್ಮೂರಲ್ಲಿ ಗಂಡ ಹೆಂಡತಿಗೆ ಏನನ್ನಾದರೂ ಹೇಳಿಯಾನು, ಕಳಲೆ ಸಿಗುವ ಜಾಗ ಹೇಳಲಾರ. ತಾಯಿ ಅದನ್ನು ಮಗಳೊಬ್ಬಳಿಗೇ ತೋರಿಸಿ ತೀರಿಕೊಂಡಳು. ಮೋರಿಯೊ ತಮಾಷೆಗೂ ಅದರ ಬಗ್ಗೆ ಕೇಳಿದವನಲ್ಲ. ಕೇಳುವುದು ಮರ್ಯಾದೆಯಲ್ಲ. ಆದರೆ ಅಕ್ಕ ಪ್ರತಿವರ್ಷ ಮೊದಲ ಕಳಲೆಯನ್ನು ಕೆಂಡದಲ್ಲಿ ಸುಟ್ಟು ಕೊಟ್ಟಾಗ ಅವನು ಮಾತಾಡದೆ ತಿನ್ನುವುದನ್ನು ನಾನು ನೋಡಿದ್ದೇನೆ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದಳು.

"ತಾತ್ಸುಜಿ, ನಂಗೊಂದು ಹಲಗೆ ಬೇಕು ಕಣೋ."

"ಯಾವ ಚಿತ್ರದ್ದು ಬೇಕಕ್ಕಾ? ತೋಳಾನಾ, ಅಲೇನಾ?"

"ನಿನ್ನ ಮೂತಿ ಚಿತ್ರ ಇದ್ರೆ ಕೊಡು. ತುಳಿಯೋಕೆ ಚೆನ್ನಾಗಿರುತ್ತೆ."

ಅವಳ ಹಳೆಯ ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿ ನೋಡಿದೆ. ನನ್ನಂಥ ದೊಡ್ಡ ಕಾಲಿನ ಗಂಡಸಿಗೆ ಮಾಡಿದ ಅಗಲ. ಹಲಗೆಯ ಮೇಲೆ ಪಾದ ನಿಲ್ಲುವುದು ಅಡ್ಡಕ್ಕೆ; ಪಾದದ ತುದಿ ಅಂಚಿಗೆ ಹತ್ತಿರವಿದ್ದಷ್ಟೂ ಹಲಗೆ ಮಾತು ಕೇಳುತ್ತದೆ. ಅಂಚು ದಾಟಿ ಹೊರಗೆ ಚಾಚಿದರೆ ಬೆರಳು ಹಿಮಕ್ಕೆ ತಗುಲಿ ಮುಗ್ಗರಿಸಬೇಕಾಗುತ್ತದೆ. ಇವಳ ಬೂಟು ಆ ಹಲಗೆಯ ನಡುವೆ ಎಲ್ಲೋ ಕಳೆದುಹೋಗಿತ್ತು. ಇಷ್ಟು ವರ್ಷ ಇದನ್ನು ತಿರುಗಿಸಲು ಬರೀ ಪಾದದಿಂದ ಆಗಿರಲಾರದು, ಸೊಂಟದಿಂದ, ಹೊಟ್ಟೆಯಿಂದ, ಹಟದಿಂದ ತಿರುಗಿಸಿದ್ದಾಳೆ. ಹಾಗೆಂದು ಹೇಳಿದೆ.

"ಹಟಕ್ಕೇನು, ಅದನ್ನ ಅಂಗಡೀಲಿ ತಗೋಬೇಕಾಗಿಲ್ಲ," ಎಂದಳು.

ನಾನು ಅವಳ ಪಾದ ಅಳೆದೆ, ತೂಕದ ಯಂತ್ರದ ಮೇಲೆ ನಿಲ್ಲಿಸಿದೆ, ನಡು ಕಿರಿದಾದ, ಮೃದುವಾದ, ಹೆಂಗಸರಿಗೆಂದೇ ಮಾಡಿದ ಹಲಗೆಯೊಂದನ್ನು ತೆಗೆದುಕೊಟ್ಟೆ. ಅಂಗಡಿಯ ಹಿಂದಿನ ದಿಬ್ಬದಲ್ಲಿ ಹಿಮ ಇನ್ನೂ ಉಳಿದಿತ್ತು. ಅಕ್ಕ ಅದರ ಮೇಲೆ ನಿಂತು ಇಳಿದಳು. ಬೆರಳು ಒತ್ತಿದರೆ ಸಾಕು, ಹಲಗೆ ತಿರುಗಿತು. ಇಪ್ಪತ್ತು ವರ್ಷ ಎತ್ತಿನ ಗಾಡಿ ಹೊಡೆದವಳ ಕೈಗೆ ಸೈಕಲ್ ಕೊಟ್ಟ ಹಾಗೆ ಅವಳಿಗೆ ನಗು ಬಂತು. ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಯಿತು.

"ನಾಳೆ ಬಂದು ತಗೊಂಡು ಹೋಗ್ತೀನಿ," ಎಂದಳು.

ಮಾರನೆಯ ದಿನ ಕಳಲೆಯ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಳು. ಒಳಗೆ ಎರಡು ದೊಡ್ಡ ಅಕ್ಕಿ ಚೀಲ.

"ಇದೇನಕ್ಕಾ, ಗಿರಣಿ ಅಂತ ತಪ್ಪು ತಿಳ್ಕೊಂಡು ಅಂಗಡಿಗೆ ಬಂದ್ಯಾ?"

"ಬಾಯಿ ಮುಚ್ಕೊಂಡು ಹಲಗೆ ಕೊಡು."

ದಿಬ್ಬದಲ್ಲಿ ಇನ್ನೂ ಅರ್ಧ ಇಳಿದಿರಲಿಲ್ಲ, ಹಲಗೆಯ ಮೂತಿ ಹಿಮದೊಳಗೆ ಹೊಕ್ಕಿತು. ಅಕ್ಕ ಅಕ್ಕಿಯ ಸಮೇತ ಲಾಗ ಹಾಕಿ ಅಂಗಾತ ಬಿದ್ದಳು. ನಾನು ಓಡಿಹೋದೆ. ಮೇಲೇಳಲಾಗದೆ ಕೈಕಾಲು ಆಡಿಸುತ್ತಾ ನಗುತ್ತಿದ್ದಳು.

"ಅಕ್ಕಿ ಒದ್ದೆಯಾಯ್ತಾ ನೋಡೋ ಮೊದಲು!"

ನಾನು ತಲೆ ಕೆರೆದುಕೊಂಡೆ. ಇಷ್ಟು ವರ್ಷದ ಕಸುಬಿನಲ್ಲಿ ಎಲ್ಲರನ್ನೂ ಬರಿಬೆನ್ನಿನಲ್ಲೇ ತೂಗಿ ಹಲಗೆ ಕೊಟ್ಟವನು ನಾನು. ಹಲಗೆಯ ಮೇಲೆ ನಿಲ್ಲುವುದು ಅಕ್ಕ ಮತ್ತು ಅವಳ ಹೊರೆ. ಪಾದಕ್ಕೆ ಕಿರಿದಾಗಬೇಕು, ಭಾರಕ್ಕೆ ಗಟ್ಟಿಯಾಗಬೇಕು. ಕಿರಿದಾದವೆಲ್ಲ ಮೃದು, ಗಟ್ಟಿಯಾದವೆಲ್ಲ ಅಗಲ. ಗೋಡೆಯ ಉದ್ದಕ್ಕೂ ಒಂದೊಂದನ್ನೇ ಬಾಗಿಸಿ ನೋಡಿದೆ, ಒಂದೂ ಒದಗಲಿಲ್ಲ.

"ಸರಿ, ನೀನು ಹೆಂಗೆ ಇಳೀತೀಯಾ ಹೇಳು," ಎಂದೆ. "ಹಾರ್ತೀಯಾ?"

"ಹಾರಿದ್ರೆ ಕಳಲೆ ಮುರಿಯುತ್ತೆ."

"ಹಿಂದುಮುಂದಾಗಿ?"

"ಹೋಗೋ ದಾರಿ ನೋಡದೆ ಯಾಕೋ ಇಳೀಲಿ? ಎಡಗಾಲು ಮುಂದೆ, ಉದ್ದಕ್ಕೆ ಎಳೆದು ಬಿಡೋದು. ಬಾಗಿಲಲ್ಲಿ ಬಟ್ಟೆ ಒಣಗಹಾಕೋ ಹಗ್ಗ ಇರುತ್ತಲ್ಲ, ಹಂಗೆ. ತಿರುವು ಕಡಿಮೆ ಇದ್ದಷ್ಟೂ ಒಳ್ಳೇದು."

ಆಗ ನನಗೆ ಉಗ್ರಾಣದ ಮೂಲೆಯಲ್ಲಿದ್ದ ಹಳದಿ ಹಲಗೆ ನೆನಪಾಯಿತು. ಉಪ್ಪಿನಲ್ಲಿ ಹಾಕಿಟ್ಟು ಹಳದಿಗೆ ತಿರುಗಿದ ಮೂಲಂಗಿಯ ಬಣ್ಣ, ಮೇಲೆ ಒಂದು ಗೆರೆಯ ಚಿತ್ರವೂ ಇಲ್ಲ. ಮೂತಿ ಉದ್ದ, ಅಗಲ, ಬಾಲ ಮೋಟು, ನಡು ಕಿರಿದು, ಬಾಗಿಸಲು ಹೋದರೆ ನನ್ನ ಮಂಡಿಯೇ ನೋಯುತ್ತದೆ. ಮುಂದಕ್ಕೆ ಮಾತ್ರ ಓಡುವ ಹಲಗೆ. ಎಷ್ಟೋ ಜನ ಅದನ್ನು ನೋಡಿ ನಕ್ಕು ಹೋಗಿದ್ದರು. ಬೂಟನ್ನು ಹಲಗೆಗೆ ಬಿಗಿಯುವ ಕಾಲುಪಟ್ಟಿಗಳನ್ನು ಆದಷ್ಟು ಹಿಂದಕ್ಕೆ ಸರಿಸಿ ಬಿಗಿದು ಕೊಟ್ಟೆ, ಹೊರೆಯ ಭಾರ ಹಿಂದೆ ಬಿದ್ದು ಮೂತಿ ಮೇಲೇಳಲಿ ಎಂದು. ಅಕ್ಕ ಮತ್ತೆ ಅಕ್ಕಿ ಹೊತ್ತು ದಿಬ್ಬ ಹತ್ತಿದಳು. ಈ ಸಲ ಒಂದೇ ಗೆರೆ ಎಳೆದು ನನ್ನ ಕಾಲ ಬುಡಕ್ಕೆ ಬಂದು ನಿಂತಳು. ಮೂತಿ ಒಂದಿಷ್ಟೂ ತಗ್ಗಿರಲಿಲ್ಲ.

ಅವಳು ಹೊರೆ ಇಳಿಸದೆಯೇ ಹಲಗೆ ಬಿಚ್ಚಿ, ತಿರುಗಿಸಿ, ತಳದ ಮೇಲೆ ಉಗುರು ಎಳೆದಳು. ನನ್ನ ಅಂಗಡಿಯಲ್ಲಿ ಕೇಳದೆಯೇ ತಳ ನೋಡಿದವಳು ಅವಳೊಬ್ಬಳೇ. ಅಲ್ಲಿಗೆ ನಾನು ಸಂಪೂರ್ಣ ಸೋತೆ.

"ಹಳೇದರ ತಳ ನುಣುಪಾಗಿತ್ತು. ಇದು ಬೇರೆ ಥರ ಇದೆಯಲ್ಲೋ."

ತಳದಲ್ಲಿ ಎರಡು ಜಾತಿ. ಒಂದು, ಕರಗಿಸಿದ ಪ್ಲಾಸ್ಟಿಕ್ಕನ್ನು ಹಾಳೆಯ ಹಾಗೆ ಎಳೆದು ಮಾಡಿದ್ದು. ಅಗ್ಗ, ಕಲ್ಲಿಗೆ ತಾಗಿದರೂ ಚಿಂತೆಯಿಲ್ಲ, ಮೇಣ ಹಚ್ಚದೆ ಮರೆತರೂ ಹೇಗೋ ಓಡುತ್ತದೆ, ಹಚ್ಚಿದರೂ ಅಷ್ಟೇ ಓಡುತ್ತದೆ. ಇನ್ನೊಂದು, ಪುಡಿಯನ್ನು ಕಾಯಿಸಿ ಒತ್ತಿ ಗಟ್ಟಿ ಮಾಡಿದ್ದು. ಅದರೊಳಗೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ, ಬಿಸಿ ಮೇಣವನ್ನು ಕುಡಿಯುತ್ತವೆ. ಕುಡಿಸಿ ಕುಡಿಸಿ ಸಾಕಿದರೆ ಅದರಷ್ಟು ಓಡುವುದು ಬೇರೆಯಿಲ್ಲ. ಮರೆತರೆ ಒಣಗಿ, ಬಿಳಿಚಿಕೊಂಡು, ಅಗ್ಗದ್ದಕ್ಕಿಂತ ಕಡೆಯಾಗುತ್ತದೆ. ಅಕ್ಕನ ಹಳೆಯದು ಮೊದಲ ಜಾತಿ, ಈ ಹಳದಿಯದು ಎರಡನೆಯದು.

"ಹಂಗಾದ್ರೆ ಇದು ನಮ್ಮತ್ತೆ ಇದ್ದಂಗೆ," ಎಂದಳು ಅಕ್ಕ. "ದಿನಾ ವಿಚಾರಿಸ್ಕೋಬೇಕು."

"ವಿಚಾರಿಸ್ಕೋತೀಯಾ?"

"ಅತ್ತೇನ ಕೊನೇವರೆಗೂ ನೋಡ್ಕೊಂಡೋಳು ನಾನು. ಹಲಗೆ ಯಾವ ಲೆಕ್ಕ?"

ನಾನು ತಳವನ್ನು ಸಾಣೆಕಲ್ಲಿಗೆ ಕೊಟ್ಟು ಉದ್ದುದ್ದಕ್ಕೆ ದಪ್ಪ ಗೀರು ಹೊಡೆದೆ. ಒದ್ದೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಬಿಡಿಸಲು ಬರುವುದಿಲ್ಲವಲ್ಲ, ಕರಗುವ ಹಿಮವೂ ನುಣುಪು ತಳವನ್ನು ಹಾಗೆಯೇ ಹಿಡಿಯುತ್ತದೆ. ಗೀರಿದ್ದರೆ ನೀರಿಗೆ ಹರಿದುಹೋಗಲು ದಾರಿ. ಉಳಿದದ್ದು ಮೇಣದ ಕೆಲಸ. ಮೇ ತಿಂಗಳಿಡೀ ಅಕ್ಕ ಹೊಲದ ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ ಅಂಗಡಿಗೆ ಬರುತ್ತಿದ್ದಳು. ಇಸ್ತ್ರಿಪೆಟ್ಟಿಗೆಗೆ ಮೇಣ ಒತ್ತಿ ತಳದ ಮೇಲೆ ಹನಿ ಬೀಳಿಸುವುದು, ಇಸ್ತ್ರಿ ಎಳೆಯುವುದು, ಆರಲು ಬಿಡುವುದು, ಕೆರೆದು ತೆಗೆಯುವುದು, ಉಜ್ಜುವುದು, ಮತ್ತೆ ಮೊದಲಿನಿಂದ. ನಾನು ಸಾಕು ಎಂದ ದಿನವೂ ಅವಳು ತಳಕ್ಕೆ ಕೆನ್ನೆ ತಾಗಿಸಿ ನೋಡಿ, "ಇನ್ನೂ ಬಾಯಾರಿದೆ ಇದಕ್ಕೆ," ಎಂದು ಇನ್ನೊಂದು ಸಲ ಹಚ್ಚಿದಳು.

ಒಂದು ದಿನ ಮೋರಿಯೊ ಬಂದ. ಬಾಗಿಲಲ್ಲೇ ನಿಂತು ಅಕ್ಕನ ಕೆಲಸ ನೋಡಿದ.

"ಎಷ್ಟು ಇಸ್ತ್ರಿ ಮಾಡಿದ್ರೂ ಅದು ಕಿಮೊನೊ ಆಗಲ್ಲ ಕಣೇ."

"ನಿನ್ನ ಹಗ್ಗ ತಗೊಂಡು ಬಾ, ಅದಕ್ಕೂ ಒಂದು ಕೈ ಹೊಡೆದುಕೊಡ್ತೀನಿ. ಮುದುರಿರಬೇಕು."

ನಾನು ಕಿಸಕ್ಕೆಂದು ನಕ್ಕೆ. ಮೋರಿಯೊ ನಗಲಿಲ್ಲ.

"ನಗಬೇಡ ತಾತ್ಸುಜಿ. ಹೋದ ಸಲ ಇವಳು ಸಿಕ್ಕಾಗ ತುಟಿ ನೀಲಿಯಾಗಿತ್ತು. ಕರೆದ್ರೆ ಮಾತಾಡ್ಲಿಲ್ಲ. ಎರಡು ಸಲ ಕರೆದೆ, ಮಾತಾಡ್ಲಿಲ್ಲ." ಅಕ್ಕನ ಕಡೆ ತಿರುಗಿದ. "ಬೇಡ ಅಂದ್ರೆ ಯಾಕೆ ಕೇಳಲ್ಲ ನೀನು? ರಸ್ತೆ ಬದೀಲೂ ಕಳಲೆ ಸಿಗುತ್ತೆ."

"ಸಿಗುತ್ತೆ. ಅಮ್ಮನ ಜಾಗದ್ದು ಸಿಗಲ್ಲ."

"ನಿಂಗೇನಾದ್ರೂ ಆದ್ರೆ ಆ ಜಾಗಾನೂ ಹೋಗುತ್ತೆ."

"ಹೋಗ್ಲಿ," ಎಂದಳು ಅಕ್ಕ, ಇಸ್ತ್ರಿ ನಿಲ್ಲಿಸದೆ. "ಹಗ್ಗ ಕಟ್ಟಿ ಎಳೆಸ್ಕೊಂಡು ಬಂದೋಳಿಗೆ ಅದನ್ನ ಇನ್ನೊಬ್ರಿಗೆ ಕೊಡೋ ಯೋಗ್ಯತೆ ಇಲ್ಲ. ಅಮ್ಮ ಬೈತಾಳೆ."

ಮೋರಿಯೊ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಅಕ್ಕ ಕೆರೆದ ಮೇಣವನ್ನು ಗುಡಿಸಿ ತೆಗೆದಳು. ಆಮೇಲೆ ಹೊರಡುವವರೆಗೂ ಅವಳು ತಮಾಷೆ ಮಾಡಲಿಲ್ಲ.

ಮೊದಲ ಕಳಲೆಯ ದಿನ ಜೂನ್‌ನಲ್ಲಿ ಬಂತು. ನಡುವೆ ನಿಂತಳೋ ಇಲ್ಲವೋ ಎಂದು ನೋಡುವುದಕ್ಕೆ ನಾನು ಜೊತೆಗೆ ಹೋಗಬೇಕೆಂದು ಮೋರಿಯೊನೇ ಹೇಳಿದ್ದ. ಅಕ್ಕ ಮುಂದೆ, ನಾನು ಹಿಂದೆ, ಇಬ್ಬರೂ ಹಲಗೆ ಹೊತ್ತು ಕಣಿವೆ ಹತ್ತಿದೆವು. ಮೇಲೆ ಬಂಡೆಯೊಂದರ ಹತ್ತಿರ ಬಂದಾಗ ನಾನೇ ಬೆನ್ನು ತಿರುಗಿಸಿ ನಿಂತೆ. ಅಲ್ಲಿಂದ ಅವಳು ಯಾವ ಕಡೆಗೆ ಹೋಗುತ್ತಾಳೆಂದು ನೋಡುವ ಹಾಗಿಲ್ಲ. ಗಂಟೆಯ ಸದ್ದೂ ಕೇಳಿಸದಂತೆ ಅದರ ಬಾಯಿಗೆ ಬಟ್ಟೆ ತುರುಕಿದಳು. "ಅಕ್ಕಾ, ಕರಡಿ ಬಂದ್ರೆ?" ಎಂದೆ. "ಕರಡಿ ಯಾರಿಗೂ ಹೇಳಲ್ಲ ಬಿಡು," ಎಂದು ಹೋದಳು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಬಿದಿರು ಸರಸರ ಎಂದಿತು. ಚೀಲ ತುಂಬಿ ಬಾಯಿ ಕಟ್ಟಲಾಗದೆ ಕಳಲೆಯ ತುದಿಗಳು ಹೊರಗೆ ಇಣುಕುತ್ತಿದ್ದವು. ಅಕ್ಕಿಗಿಂತ ಹೆಚ್ಚೇ ಭಾರ. ಕಡಿಮೆ ತಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಿಮ ಆಗಲೇ ಗಂಜಿಯಾಗಿತ್ತು. ಅಕ್ಕ ಹಲಗೆಯ ತಳವನ್ನು ಬಟ್ಟೆಯಿಂದ ಒರೆಸಿ, ಕಾಲುಪಟ್ಟಿ ಬಿಗಿದುಕೊಂಡು, ಗಂಟೆಯ ಬಟ್ಟೆ ತೆಗೆದಳು.

"ಹಿಂದೆ ಬಾ. ಅಡ್ಡ ಬರಬೇಡ."

ಅವಳು ಇಳಿದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಳೆಯ ಹಲಗೆಯಲ್ಲಿ ಸೊಂಟ ತಿರುಚಿ ತಿರುಚಿ ಕಲಿತ ಕಸುವೆಲ್ಲ ಮೈಯಲ್ಲಿ ಹಾಗೇ ಇತ್ತು, ಈಗ ಅದನ್ನು ಖರ್ಚು ಮಾಡುವ ಅಗತ್ಯವೇ ಇರಲಿಲ್ಲ. ಬೆರಳು ಒತ್ತಿದರೆ ಹಲಗೆ ಅತ್ತ, ಹಿಮ್ಮಡಿ ಒತ್ತಿದರೆ ಇತ್ತ. ಬೆನ್ನಿನ ಹೊರೆ ಒಮ್ಮೆಯೂ ತೂಗಾಡಲಿಲ್ಲ. ಇಡೀ ಕಣಿವೆಗೆ ನಾಲ್ಕೈದು ಗೆರೆ ಎಳೆದಳು, ಅಷ್ಟೇ. ಇಂಥ ಸವಾರಿಯನ್ನು ನಾನು ಎಲ್ಲಿಯೂ ಕಂಡಿಲ್ಲ, ಇನ್ನು ಕಾಣುವ ಆಸೆಯೂ ಇಲ್ಲ.

ಕಣಿವೆ ಮುಗಿಯಿತು. ಮುದುಕಿಬಯಲಿನ ಆ ತುದಿಯಲ್ಲಿ ಮೋರಿಯೊ ಹಿಮದ ಬಂಡಿಯ ಪಕ್ಕ ನಿಂತಿದ್ದ, ಹೆಗಲ ಮೇಲೆ ಹಗ್ಗ. ಅವನ ಹಿಂದೆ ಕಳಲೆಯವರೆಲ್ಲ ಸಾಲಾಗಿ ನಿಂತಿದ್ದರು. ಅಕ್ಕ ವೇಗದಲ್ಲೇ ಬಯಲಿಗೆ ಬಂದಳು. ನಾನೂ ಬಂದೆ, ಬಂದವನೇ ಗಬಕ್ಕನೆ ನಿಂತು ಮುಖ ಅಡಿಯಾಗಿ ಬಿದ್ದೆ. ತಿಂಗಳಿಡೀ ಅವಳ ತಳಕ್ಕೆ ಮೇಣ ಕುಡಿಸುವ ಭರದಲ್ಲಿ ನನ್ನ ಹಲಗೆಗೆ ಒಂದು ಹನಿಯೂ ಹಾಕಿರಲಿಲ್ಲ. ದೆವ್ವ ಅಂಗಡಿಯವನನ್ನೇ ಹಿಡಿದುಕೊಂಡಿತ್ತು.

ತಲೆಯೆತ್ತಿ ನೋಡಿದರೆ ಅಕ್ಕ ಹೋಗುತ್ತಲೇ ಇದ್ದಳು. ಆದರೆ ವೇಗ ಇಳಿಯುತ್ತಿತ್ತು. ಮೊಗ್ಗಿನ ಸಿಪ್ಪೆ ದಟ್ಟವಾಗಿ ಉದುರಿದ ಕಡೆ ಒಮ್ಮೆ ತಡವರಿಸಿದಳು. ಗಂಟೆಯ ಸದ್ದು ನಿಧಾನವಾಯಿತು. ಹೋದ ವರ್ಷ ನಿಂತ ಜಾಗ ಅದೇ.

ಆಗ ಮೋರಿಯೊ ಕೂಗಿದ.

"ನಿಲ್ಲಬೇಡ ಅಕ್ಕಾ! ಭಾರ ಹಿಂದಕ್ಕೆ ಹಾಕು! ಹಿಂದಕ್ಕೆ!"

ಹೆಗಲಿನ ಹಗ್ಗ ಎಲ್ಲಿ ಬಿತ್ತೋ ಅವನಿಗೇ ಗೊತ್ತಿಲ್ಲ. ಮಂಡಿಯವರೆಗೆ ಹೂತುಕೊಳ್ಳುತ್ತಾ ಅವಳ ಕಡೆಗೆ ಓಡುತ್ತಿದ್ದ, ಎರಡೂ ಕೈಯಲ್ಲಿ ಬಾ ಬಾ ಎಂದು ಕರೆಯುತ್ತಿದ್ದ. ಅವಳು ಸೋಲಲಿ ಎಂದು ಷರತ್ತು ಹಾಕಿದವನು ಅವನೇ. ಅಕ್ಕ ಮಂಡಿ ಮಡಿಸಿ ಭಾರವನ್ನೆಲ್ಲ ಹಿಂದಿನ ಕಾಲಿಗೆ ಹಾಕಿದಳು. ಹಳದಿ ಮೂತಿ ಸಿಪ್ಪೆಯ ಮೇಲೆ ಎದ್ದಿತು, ಕುಡಿದ ಮೇಣವೆಲ್ಲ ಆಗ ಕೆಲಸಕ್ಕೆ ಬಂತು, ಹಲಗೆ ಮೆಲ್ಲಗೆ, ನಡೆಯುವವರಿಗಿಂತ ತುಸುವೇ ಜೋರಾಗಿ, ಜಾರುತ್ತಾ ಮುಂದೆ ಹೋಯಿತು. ಮೋರಿಯೊ ಅವಳ ಪಕ್ಕದಲ್ಲೇ ಏದುಸಿರು ಬಿಡುತ್ತಾ ಓಡಿದ. ಮುಟ್ಟಲಿಲ್ಲ. ಬಂಡಿಯನ್ನು ದಾಟಿ, ಸಾಲಾಗಿ ನಿಂತವರನ್ನು ದಾಟಿ, ಮಣ್ಣು ಕಾಣುವ ಅಂಚಿಗೆ ಬಂದು ಹಲಗೆ ತಾನಾಗಿಯೇ ನಿಂತಿತು. ಈ ಸಲ ಅಕ್ಕ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

ನನ್ನನ್ನು ಆ ಹಗ್ಗದಲ್ಲೇ ಕಟ್ಟಿ ಎಳೆದು ತಂದರು. ಯಾರು ಎಷ್ಟು ನಕ್ಕರೆಂದು ಹೇಳುವುದು ಬೇಡ.

ನಾನು ತಲುಪಿದಾಗ ಅಕ್ಕ ಹೊರೆಗೆ ಒರಗಿ ಕುಳಿತಿದ್ದಳು. ಮೋರಿಯೊ ಅವಳೆದುರು ಹಿಮದಲ್ಲೇ ಕುಕ್ಕರಿಸಿ, ಇನ್ನೂ ಉಸಿರು ಹಿಡಿಯಲಾಗದೆ, ಅವಳ ಕಾಲುಪಟ್ಟಿ ಬಿಚ್ಚುತ್ತಿದ್ದ.

"ಹಿಂದಕ್ಕೆ ಭಾರ ಹಾಕು ಅಂತ ನಿಂಗ್ಯಾರೋ ಹೇಳಿಕೊಟ್ರು?" ಎಂದಳು ಅಕ್ಕ.

"ಅಂಗಡಿ ಹಿಂದೆ ಗೋಡೆ ಮರೇಲಿ ನಿಂತು ನೋಡ್ತಿದ್ದೆ. ನೀನು ಅಕ್ಕಿ ಹೊತ್ಕೊಂಡು ಬೀಳೋವಾಗ, ಆಮೇಲೆ ಬೀಳದೆ ಇಳಿಯೋವಾಗ."

ಅಕ್ಕ ಅವನ ಟೋಪಿಯ ಮೇಲೆ ಅಂಟಿದ್ದ ಸಿಪ್ಪೆಯನ್ನು ಚಿಟಿಕೆಯಲ್ಲಿ ತೆಗೆದಳು. ಎಲ್ಲರಿಗೂ ಕೇಳಿಸುವ ಹಾಗೆಯೇ ಕೇಳಿದಳು.

"ನಿನ್ನ ಪಾದ ಎಷ್ಟು ಉದ್ದ ಇದೆಯೋ?"

"ಯಾಕೆ?"

"ನಾಳೆ ತಾತ್ಸುಜಿ ಅಂಗಡಿಗೆ ಹೋಗು. ಬೆನ್ನ ಮೇಲೆ ಅಕ್ಕಿ ಹೊತ್ಕೊಂಡು ಹೋಗು, ಬರಿಬೆನ್ನಲ್ಲಿ ಹೋದ್ರೆ ಇವನು ತಪ್ಪು ಹಲಗೆ ಕೊಡ್ತಾನೆ. ಮೇಲಿಂದ ಇಳಿಯೋದು ನಡೆದು ಆಗಲ್ಲ, ಅಮ್ಮನ ಜಾಗ ದೂರ ಇದೆ."

ನಮ್ಮೂರಲ್ಲಿ ಅಂಥ ಮಾತನ್ನು ನಾಲ್ಕು ಜನರ ಎದುರು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಮೋರಿಯೊ ತಲೆ ಎತ್ತಲಿಲ್ಲ. ಬಿಚ್ಚಿದ ಪಟ್ಟಿಯನ್ನೇ ಮತ್ತೆ ಮತ್ತೆ ಬಿಚ್ಚುತ್ತಾ ಕುಳಿತಿದ್ದ.

ಮಾರನೆಯ ದಿನ ನಾನು ಅಂಗಡಿಯ ಬಾಗಿಲು ತೆಗೆದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ, ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು. ಒಳಗೆ ಬಂದು ಗೋಡೆಯ ಚಿತ್ರಗಳನ್ನು ನೋಡಲಿಲ್ಲ. ಮೊದಲು ಸಿಕ್ಕ ಹಲಗೆಯನ್ನು ಎತ್ತಿ, ತಿರುಗಿಸಿ, ತಳದ ಮೇಲೆ ಉಗುರು ಎಳೆದ.